ಹೊಸ್ತಿಲಾಚೆ ನಿಂತ ಕೋಲಾ

ಚಿಯಾಪಾಸ್ ಎಂಬ ದೂರದ ಬೆಟ್ಟಸೀಮೆಯ ಒಂದು ಊರಿನಲ್ಲಿ ಬಂದವರಿಗೆ ಬರೀ ನೀರು ಕೊಟ್ಟರೆ ಅವಮಾನ, ಬಾಟಲಿಯ ಸಿಹಿ ಕೋಲಾ ಕೊಟ್ಟರೆ ಮರ್ಯಾದೆ. ದೇವರ ಮುಂದೆ ಕೋಲಾ, ಜಗಳ ರಾಜಿಯಾದರೆ ಕೋಲಾ, ಹೆಣ್ಣು ಕೇಳಲು ಬಂದರೆ ಪೆಟ್ಟಿಗೆಗಟ್ಟಲೆ ಕೋಲಾ. ಕೊಟ್ಟದ್ದನ್ನು ಬೇಡವೆಂದವನು ಊರಿಗೇ ಬೇಡವಾದಂತೆ.

ಪಾಸ್ಕ್ವಾಲಾಳ ಗಂಡ ಆಂತೆಲ್ ಊರಿನ ಪಂಚರಲ್ಲೊಬ್ಬ. ನ್ಯಾಯ ಹೇಳಿ ಮನೆಗೆ ಬಂದ ದಿನ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ. ಹೊಟ್ಟೆ ತುಂಬ ಕೋಲಾವೇ. ಬರಬರುತ್ತ ಬಾಯಾರಿಕೆ ಹೆಚ್ಚಿತು. ಹೊಲದಲ್ಲಿ ಕಾಲಿಗಾದ ಗಾಯ ಮಾಯಲೇ ಇಲ್ಲ.

ಅದೇ ಬೆಟ್ಟದ ಹುಡುಗಿ, ನರ್ಸ್ ಮಿಕಾಯೆಲಾ, ಬೆರಳು ಚುಚ್ಚಿ ನೋಡಿದಳು. "ಸಕ್ಕರೆ ಕಾಯಿಲೆ ಅಣ್ಣಾ. ಕೋಲಾ ಬಿಡ್ಬೇಕು, ಇನ್ಸುಲಿನ್ ತಗೋಬೇಕು."

ಆಂತೆಲ್‌ನ ಚಿಕ್ಕಪ್ಪ ಮನ್ವೆಲ್ ನಕ್ಕುಬಿಟ್ಟ. "ಹೊಳೆ ದಾಟುವಾಗ ಬೆಚ್ಚಿಬಿದ್ದಿದ್ದಾನೆ, ಆ ಭಯ ಒಳಗೆ ಕೂತಿದೆ, ಅಷ್ಟೇ ಕಣಮ್ಮ. ಕೋಲಾ ಕುಡಿದು ಜೋರಾಗಿ ತೇಗಿದ್ರೆ ಒಳಗಿನ ಕೆಟ್ಟದ್ದೆಲ್ಲ ಹೊರಗೆ!"

"ತೇಗಿದ್ರೆ ಗಾಳಿ ಹೋಗುತ್ತೆ ಚಿಕ್ಕಪ್ಪಾ, ರಕ್ತದಲ್ಲಿರೋ ಸಕ್ಕರೆ ಹೋಗಲ್ಲ. ಮೊದಲು ಈ ಔಷಧಿಗೆ ಪಟ್ಟಣಕ್ಕೇ ಹೋಗ್ಬೇಕಿತ್ತು. ಈಗ ದೇಶದೇಶದವರು ಕೈಜೋಡಿಸಿ ನಮ್ಮ ಬಾಗಿಲಿಗೇ ಮುಟ್ಟಿಸಿದ್ದಾರೆ. ಬಾಗಿಲು ತೆಗೆಯೋದು ನಮ್ಮ ಕೈಲಿದೆ."

ಆಂತೆಲ್ ಸೂಜಿಗೆ ಒಪ್ಪಿದ. ಬಾಟಲಿಗೆ ಬೇಡ ಎನ್ನಲು ಮಾತ್ರ ಆಗಲಿಲ್ಲ. "ಪ್ರೀತಿಯಿಂದ ಕೊಟ್ಟೋರ ಮುಖಕ್ಕೆ ಹೇಗೆ ಹೊಡೀಲಿ ಪಾಸ್ಕ್ವಾಲಾ?" ಎನ್ನುತ್ತಿದ್ದ. ಪಾದ ಕಪ್ಪಾಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಕತ್ತರಿಸಿದರೂ ಜೀವ ಉಳಿಯಲಿಲ್ಲ. ಮಣ್ಣು ಮಾಡಲು ಬಂದವರಿಗೂ ಮನ್ವೆಲ್ ಕೋಲಾ ಹಂಚಿದ. ಪಾಸ್ಕ್ವಾಲಾ ಕಣ್ಣೊರೆಸಿಕೊಂಡು ಅದನ್ನು ನೋಡುತ್ತ ಕುಳಿತಳು.

ಮರುವರ್ಷ ಮಗಳು ಶುಂಕಾಳನ್ನು ಕೇಳಲು ಗಂಡಿನವರು ಬಂದರು. ಲಾರಿಯಿಂದ ಪೆಟ್ಟಿಗೆಗಳು ಇಳಿದವು. ಮಿಕಾಯೆಲಾ ಒಲೆಯ ಬಳಿ ನೆರವಿಗಿದ್ದಳು. ಪಾಸ್ಕ್ವಾಲಾ ಬಾಗಿಲಿಗೆ ಅಡ್ಡ ನಿಂತಳು.

"ನೀವು ಒಳಗೆ ಬನ್ನಿ. ಇದು ಬೇಡ."

ಮನ್ವೆಲ್ ಕೆಂಡವಾದ. "ತಲೆ ನೆಟ್ಟಗಿದೆಯೇನೇ? ನಿನ್ನ ಮಗಳು ಮನೇಲೇ ಕೊಳೀತಾಳೆ!"

ಪಾಸ್ಕ್ವಾಲಾ ಬಾಗಿಲು ಬಿಟ್ಟು ಸರಿಯಲಿಲ್ಲ. "ಕೂತಿರಲಿ ಮಾವಾ. ನಿಮ್ಮಣ್ಣನ ಮಗ ಯಾರ ಮನಸ್ಸನ್ನೂ ನೋಯಿಸಲಿಲ್ಲ; ಅದಕ್ಕೇ ಮಣ್ಣು ಸೇರಿದ. ಈ ಹುಡುಗನೂ ಹಂಗೇ ಹೋದ್ರೆ ನನ್ನ ಮಗಳಿಗೆ ನೀವು ಉತ್ತರ ಹೇಳ್ತೀರಾ?"

ಶುಂಕಾ ಬಿಸಿಬಿಸಿ ಮೆಕ್ಕೆಜೋಳದ ಅಂಬಲಿ ತಂದಳು. ಗಂಡಿನ ತಾಯಿ ಮೊದಲು ಕೈ ಚಾಚಿದಳು. "ಕೊಡು ಮಗಳೇ. ನಮ್ಮಕ್ಕನ್ನೂ ಇದೇ ಕಾಯಿಲೆ ತಿಂದುಹಾಕ್ತು. ಕೋಲಾ ಬೇಡ ಅನ್ನೋ ಧೈರ್ಯ ಮಾತ್ರ ನಮಗ್ಯಾರಿಗೂ ಬರಲಿಲ್ಲ."

ಪೆಟ್ಟಿಗೆಗಳು ಮತ್ತೆ ಲಾರಿ ಹತ್ತಿದವು. ಮದುವೆ ಗೊತ್ತಾಯಿತು.

ಎಲ್ಲರೂ ಹೊರಟ ಮೇಲೆ ಮುದುಕ ಮನ್ವೆಲ್ ಕುಂಟುತ್ತ ಮಿಕಾಯೆಲಾಳ ಬಳಿ ಬಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಮಗಳೇ, ಬಹಳ ದಿನದಿಂದ ಪಾದ ಜೋಮು ಹಿಡಿದಿದೆ. ನನ್ನ ಬೆರಳೂ ಒಂಚೂರು ಚುಚ್ಚಿ ನೋಡ್ತೀಯಾ?"