ಸೆಲ್ಮರನ ಚಾಕು

ಒಂದೇ ಗುಂಡಿಗೆ ಜಿಂಕೆ ಬಿದ್ದುಬಿಟ್ಟದ್ದನ್ನು ಆರ್ಲಿಸ್‌ಗೇ ನಂಬಲಾಗಲಿಲ್ಲ. ಅರವತ್ತಾರು ವರ್ಷದ ಆಕೆ ಮರದ ಮೇಲಿನ ಅಟ್ಟಣೆಯ ಏಣಿ ಇಳಿದು, ಬಂದೂಕಿನಿಂದ ತೋಟಾ ತೆಗೆದು, ಜಿಂಕೆಯ ಕೊಂಬಿಗೆ ಪರವಾನಗಿ ಚೀಟಿ ಕಟ್ಟಿದಳು. ಅದರ ರೆಪ್ಪೆಯ ಮೇಲಿದ್ದ ಹಿಮವನ್ನು ಬೆರಳಿಂದ ಒರೆಸಿ "ತಪ್ಪು ತಿಳ್ಕೋಬೇಡಪ್ಪ" ಎಂದಳು. ಅಷ್ಟರಲ್ಲಿ ಸದ್ದು ಕೇಳಿದ ಭಾವ, ಮೈದುನ ಇಬ್ಬರೂ ಕಿತ್ತಳೆ ಬಣ್ಣದ ಕೋಟು ತೊಟ್ಟು ಹಿಮ ತುಳಿಯುತ್ತ ಬಂದರು.

"ಯಾರು ಹೊಡೆದಿದ್ದು?" ಮೈದುನ ಗೇಲನ್ ಕೇಳಿದ.

"ಅದೇ ಹೊಡ್ಕೊಂಡ್ತು."

ಭಾವ ಓರ್ಲಿನ್ ಮೀಸೆಯಡಿ ನಕ್ಕ. ಎಪ್ಪತ್ತೆರಡರ ಆತನಿಗೆ ಮಾತೆಂದರೆ ಖರ್ಚು. ಗೇಲನ್‌ಗೋ, ಮಾತೇ ಊಟ.

"ಸರಿ ಅತ್ತಿಗೆ, ಹೊಡೆದಿರಿ. ಇನ್ನು ನಿಯಮ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ ನವೆಂಬರಿನ ಬೇಟೆಯ ಒಂಬತ್ತು ದಿನಗಳಿಗಾಗಿ ಮದುವೆಗಳನ್ನು ಮುಂದೂಡುತ್ತಿದ್ದರು. ಸಾಧ್ಯವಾಗಿದ್ದರೆ ಸಾವನ್ನೂ ಮುಂದೂಡುತ್ತಿದ್ದರು. ಆರ್ಲಿಸ್‌ಳ ಗಂಡ ಸೆಲ್ಮರನಿಗೆ ಮಾತ್ರ ಅದು ಆಗಲಿಲ್ಲ, ಏಪ್ರಿಲ್‌ನಲ್ಲೇ ಹೋಗಿಬಿಟ್ಟ. ಮೂವತ್ತೇಳು ನವೆಂಬರ್ ಅವನು ಕೂತಿದ್ದ ಅಟ್ಟಣೆಯ ಮೇಲೆ ಗೇಲನ್‌ಗೆ ಕಣ್ಣು. ಆರ್ಲಿಸ್ ತಾನೇ ಅಲ್ಲಿ ಕೂರುತ್ತೇನೆಂದಾಗ ಅವನು ಬೇಟೆಮನೆಯ ಬಾಗಿಲು ತೋರಿಸಿದ್ದ. ಅದರ ಮೇಲೆ ಸೆಲ್ಮರನೇ ಕೆಂಪು ಬಣ್ಣದಲ್ಲಿ ಬರೆದಿದ್ದ: "ಹೊಡೆದವರೇ ಬಗೆಯಬೇಕು." ಆರ್ಲಿಸ್ ತನ್ನ ಜಿಂಕೆಯ ಹೊಟ್ಟೆಯನ್ನು ತಾನೇ ಬಗೆದು, ಕರುಳು ತೆಗೆದು, ಮಾಂಸ ಕೆಡದಂತೆ ಶುದ್ಧ ಮಾಡಿದರೆ ಅಟ್ಟಣೆ ಅವಳದು. ಇಲ್ಲವಾದರೆ ಗೇಲನ್‌ದು.

ಆಗ ಅವಳು ಹಟಕ್ಕೆ ಒಪ್ಪಿದ್ದಳು. ಇವತ್ತು ಬೆಳಕು ಹರಿದ ಮೇಲೆ ಅದು ಬರೀ ಹಟವಾಗಿ ಉಳಿದಿರಲಿಲ್ಲ. ಸೆಲ್ಮರ್ ಜಡಿದಿದ್ದ ಕೂರುಮಣೆಯ ಮುಖ ಜಿಂಕೆಯ ಜಾಡಿನ ಕಡೆಗಿರಲಿಲ್ಲ. ಎರಡು ಬೋಳುಮರಗಳ ನಡುವೆ ನೇರವಾಗಿ ಅವಳದೇ ಅಡುಗೆಮನೆಯ ಹೊಗೆಕೊಳವೆ ಕಾಣುತ್ತಿತ್ತು. "ಅಲ್ಲಿಂದ ಏನು ಕಾಣುತ್ತೆ?" ಎಂದು ಕೇಳಿದಾಗಲೆಲ್ಲ ಅವನು "ಏನಿಲ್ಲ, ಕಾಡು" ಎನ್ನುತ್ತಿದ್ದ. ಜಿಂಕೆ ಹೊಡೆಯಲು ಅವಳು ಕತ್ತು ಹಿಂದಕ್ಕೆ ತಿರುಗಿಸಬೇಕಾಗಿತ್ತು, ಅದಿನ್ನೂ ನೋಯುತ್ತಿತ್ತು. ಈ ಜಾಗವನ್ನು ಗೇಲನ್‌ಗೆ ಬಿಟ್ಟುಕೊಡುವ ಮಾತೇ ಇಲ್ಲ.

ಜಿಂಕೆಯನ್ನು ಅಂಗಾತ ಮಲಗಿಸಿ, ಮಂಡಿಯೂರಿ, ಸೊಂಟದಲ್ಲಿದ್ದ ಸೆಲ್ಮರನ ಬೇಟೆಚಾಕುವಿಗೆ ಕೈಹಾಕಿದಳು. ಅದನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿರಲಿಲ್ಲ. ವರ್ಷವರ್ಷವೂ ಅವನು ಅದರ ಚರ್ಮದ ಒರೆಗೆ ಎಣ್ಣೆ ತಿಕ್ಕುತ್ತಿದ್ದ. ಒರೆಯೇನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಚಾಕು ಮಾತ್ರ ಈಚೆ ಬರಲೊಲ್ಲದು. ಕೊನೆಗೆ ಗೇಲನ್ ಒರೆ ಹಿಡಿದ, ಅವಳು ಹಿಡಿ ಎಳೆದಳು. ಬಂತು.

ಅಲಗಿನ ಮೇಲೆ ಅಂಗಡಿಯ ಹಳದಿ ಕಾಗದ ಅಂಟಿಕೊಂಡೇ ಇತ್ತು.

"ಹೊಸದಾ?" ಎಂದ ಗೇಲನ್.

"ನಮ್ಮ ಮದುವೆಗೆ ನಮ್ಮಪ್ಪ ಕೊಟ್ಟಿದ್ದು."

ಇಬ್ಬರೂ ಓರ್ಲಿನ್ ಕಡೆ ನೋಡಿದರು. ಅವನು ಮರದ ತುದಿಯಲ್ಲಿ ಯಾವುದೋ ಹಕ್ಕಿ ಹುಡುಕುತ್ತಿದ್ದ. ಅಲ್ಲಿ ಹಕ್ಕಿ ಇರಲಿಲ್ಲ.

"ಭಾವ," ಎಂದಳು ಆರ್ಲಿಸ್.

"ಮೊದಲನೇ ವರ್ಷ," ಓರ್ಲಿನ್ ಗಂಟಲು ಸರಿಮಾಡಿಕೊಂಡ, "ಚಾಕು ತೆಗೆಯೋಕೆ ಮುಂಚೇನೇ ಬಿದ್ದುಬಿಟ್ಟ. ಜಿಂಕೆ ಪಕ್ಕದಲ್ಲೇ. ಯಾರು ಸತ್ತಿದ್ದು ಅಂತ ನಂಗೇ ಗೊತ್ತಾಗ್ಲಿಲ್ಲ."

"ಎರಡನೇ ವರ್ಷ?"

"ವಾಸನೆಗೆ ವಾಂತಿ. ಮೂರನೇ ವರ್ಷದಿಂದ ನಾನು ಬಗೀತಿದ್ದೆ, ಅವನು ಆಚೆ ತಿರುಗಿ ನಿಂತು ಹಾಡು ಹೇಳ್ತಿದ್ದ."

"ಮತ್ತೆ ಆ ನಿಯಮ?" ಗೇಲನ್ ಕೂಗಿದ. "ಬಾಗಿಲ ಮೇಲೆ ಬರೆದನಲ್ಲ!"

"ಅದಕ್ಕೇ ಬರೆದಿದ್ದು. ಅದನ್ನ ನೋಡಿದ ಮೇಲೆ ಯಾರಿಗೆ ಅನುಮಾನ ಬರುತ್ತೆ?"

"ಸುಮ್ನೆ ಮಾಡಿಕೊಟ್ರಾ ಭಾವ?"

ಓರ್ಲಿನ್‌ನ ಕಿವಿ ಕೋಟಿನ ಬಣ್ಣಕ್ಕೆ ತಿರುಗಿತು. "ಹನ್ನೆರಡು ಲೆಫ್ಸ," ಎಂದ.

ಆರ್ಲಿಸ್ ಹಿಮದ ಮೇಲೆ ಕೂತೇಬಿಟ್ಟಳು. ಲೆಫ್ಸ ಎಂದರೆ ಆಲೂಗಡ್ಡೆ ಹಿಟ್ಟಿನ ತೆಳು ರೊಟ್ಟಿ. ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತುತ್ತಾರೆ. ಮನೆಯಲ್ಲಿ ಎರಡಕ್ಕೇ ಕೈ ತೊಳೆಯುವ ಸೆಲ್ಮರ್ ಬೇಟೆಗೆ ಮಾತ್ರ ಒಂದು ಡಜನ್ ಬೇಕೇ ಬೇಕು ಅನ್ನುತ್ತಿದ್ದ. "ಕಾಡಿನ ಗಾಳಿ ಕಣೇ, ಹಸಿವು ಹೆಚ್ಚು." ಈ ವರ್ಷವೂ ಕೈ ರೂಢಿಯಿಂದ ಹನ್ನೆರಡು ಲಟ್ಟಿಸಿತ್ತು. ಅವು ಅವಳ ಚೀಲದಲ್ಲೇ ಇದ್ದವು.

ನಗು ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು. ಅದನ್ನು ಕೈಗವಸಿನಲ್ಲಿ ಒರೆಸಿಕೊಂಡಳು.

"ಹಂಗಾದ್ರೆ ನಿಯಮಾನೇ ಬಿದ್ಹೋಯ್ತಲ್ಲ," ಗೇಲನ್ ಹೊಸ ದಾರಿ ಹಿಡಿದ. "ಅಣ್ಣಂಗೇ ಆ ಜಾಗದ ಹಕ್ಕಿರಲಿಲ್ಲ. ಅಂದ್ಮೇಲೆ ನಿಮಗೆ…"

"ಕಾಲು ಹಿಡ್ಕೋ."

"ಕ್ಷಮೆ ಕೇಳೋ ಅಂಥದ್ದು ನಾನೇನಂದೆ?"

"ನನ್ನ ಕಾಲಲ್ಲವೋ, ಜಿಂಕೇದು! ಅಗಲಿಸಿ ಹಿಡಿ."

ಕಾಗದ ಅಂಟಿದ್ದ ಚಾಕುವನ್ನು ಒರೆಗೆ ಹಾಕಿ, ಮಧ್ಯಾಹ್ನ ಚೀಸ್ ಕತ್ತರಿಸಲು ತಂದಿದ್ದ ಅಡುಗೆಮನೆಯ ಸಣ್ಣ ಚಾಕು ತೆಗೆದಳು. ಪ್ರತಿ ಶರತ್ಕಾಲದಲ್ಲೂ ಅವಳ ಕೋಳಿಗಳು ಶುದ್ಧವಾಗುತ್ತಿದ್ದುದು ಅದರಲ್ಲೇ. ಚರ್ಮವನ್ನು ಚಿವುಟಿ ಎತ್ತಿ ಸಣ್ಣ ತೂತು ಮಾಡಿದಳು. ಎರಡು ಬೆರಳು ಒಳಗಿಟ್ಟು, ಅವುಗಳ ನಡುವೆ ಅಲಗು ಮೇಲ್ಮುಖವಾಗಿ ಹಿಡಿದು, ಎದೆಮೂಳೆಯವರೆಗೆ ಸೀಳಿದಳು. ಕರುಳಿಗೆ ಒಂದು ಗೀರೂ ಬೀಳಲಿಲ್ಲ. ಬಿಸಿ ಹಬೆ ಎದ್ದಿತು.

"ಉಚ್ಚೆಚೀಲ ಜೋಪಾನ," ಎಂದ ಓರ್ಲಿನ್.

"ನೋಡಿದೆ ಭಾವ." ಅದರ ಕತ್ತನ್ನು ಎರಡು ಬೆರಳಲ್ಲಿ ಅಮುಕಿ ಹಿಡಿದು ಬಿಡಿಸಿದಳು. ಎದೆಗೂಡಿನ ಪೊರೆ ಕೊಯ್ದು, ಮೊಣಕೈವರೆಗೆ ತೋಳು ತೂರಿಸಿ, ಗಂಟಲಕೊಳವೆ ಹುಡುಕಿ ಕತ್ತರಿಸಿದಳು. "ಕೋಳಿ ಥರಾನೇ. ಇದು ಕುಕ್ಕಲ್ಲ, ಅಷ್ಟೇ." ಒಂದೇ ಎಳೆತಕ್ಕೆ ಎಲ್ಲವೂ ಹಿಮದ ಮೇಲೆ ಜಾರಿ ಬಂತು. ಗುಂಡಿಗೆ, ಕಲಿಜ ಎರಡನ್ನೂ ಬೇರೆ ತೆಗೆದಿಟ್ಟಳು.

ಆಗ ಗಮನಿಸಿದರೆ, ಜಿಂಕೆಯ ಕಾಲು ಹಿಡಿದಿದ್ದ ಗೇಲನ್ ಆಚೆ ಮುಖ ಮಾಡಿ ಮೆಲ್ಲಗೆ ಏನೋ ಹಾಡು ಗುನುಗುತ್ತಿದ್ದ.

ಆರ್ಲಿಸ್ ಭಾವನ ಕಡೆ ನೋಡಿದಳು. ಓರ್ಲಿನ್ ಮತ್ತೆ ಹಕ್ಕಿ ಹುಡುಕತೊಡಗಿದ.

"ಇವನದೂ ನೀವೇನಾ?"

"ಇವನದಕ್ಕೆ ಹೊಗೆಯಲ್ಲಿ ಒಣಗಿಸಿದ ಮೀನು," ಎಂದ ಓರ್ಲಿನ್.

ಗೇಲನ್ ಕಾಲು ಬಿಟ್ಟು ಎದ್ದು ನಿಂತ. "ಅಟ್ಟಣೆ ನಿಮ್ಮದೇ ಅತ್ತಿಗೆ," ಎಂದ. "ನಾನು ಯಾವತ್ತಾದ್ರೂ ಬೇಡ ಅಂದಿದ್ನಾ?"

ಅವಳ ಕೈಗಳು ರಕ್ತದಲ್ಲಿ ಮರಗಟ್ಟುತ್ತಿದ್ದವು. ಹತ್ತಿರದಲ್ಲಿ ಬೆಚ್ಚಗಿನದು ಎಂದರೆ ಓರ್ಲಿನ್‌ನ ಫ್ಲಾಸ್ಕು ಒಂದೇ. ಅವನು ಮುಚ್ಚಳ ತೆಗೆದು, ಇಡೀ ದಿನಕ್ಕೆ ತಂದಿದ್ದ ಕಾಫಿಯನ್ನು ಅವಳ ಬೆರಳುಗಳ ಮೇಲೆ ನಿಧಾನವಾಗಿ ಸುರಿದ. ಕೊನೆಯ ಹನಿಯವರೆಗೂ ಸುರಿದ. ಅವಳು ಬೇಡ ಅನ್ನಲಿಲ್ಲ.

ಕೈ ಒರೆಸಿಕೊಂಡು ಚೀಲದಿಂದ ಪೊಟ್ಟಣ ತೆಗೆದು ಕೊಟ್ಟಳು.

"ಈ ಸಲ ನಾನೇನೂ ಮಾಡ್ಲಿಲ್ಲವಲ್ಲಮ್ಮ."

"ಮೂವತ್ತೇಳು ವರ್ಷ ಬಾಯಿ ಮುಚ್ಕೊಂಡಿದ್ರಲ್ಲ ಭಾವ, ಅದೇನು ಕಮ್ಮಿ ಕೆಲಸವಾ?"

"ನಂಗೆ?" ಎಂದ ಗೇಲನ್.

"ನೀನೂ ಅಷ್ಟೇ ವರ್ಷ ಮುಚ್ಕೊಂಡಿರು, ಲಟ್ಟಿಸಿ ಕೊಡ್ತೀನಿ."

ಗೇಲನ್ ತುಟಿ ಬಿಗಿದು ಜಿಂಕೆಯ ಕೊಂಬು ಹಿಡಿದು ಎಳೆಯತೊಡಗಿದ. ಹಳ್ಳದವರೆಗೆ ಅವನು ಒಂದು ಮಾತೂ ಆಡಲಿಲ್ಲ. ಅದನ್ನು ನೋಡಲಾಗದೆ ಓರ್ಲಿನ್ ಒಂದು ಲೆಫ್ಸವನ್ನು ಅರ್ಧ ಮುರಿದು ಅವನ ಬಾಯಿಗಿಟ್ಟ.