ಗೌರಿಯ ರೋಗ, ಬೊಮ್ಮುವಿನ ಜ್ವರ

ಶೆಟಗೇರಿಯ ಕಮಲಿಯ ಕೊಟ್ಟಿಗೆಯಲ್ಲಿ ಗೌರಿ ಎಂಬ ಆಕಳು ಏಳು ತಿಂಗಳಿಗೇ ಕಂದು ಹಾಕಿತು. ಸತ್ತ ಕರುವಿಗೆ ಮೈಕೂದಲು ಮೂಡಿತ್ತು. ಗೌರಿ ಅದನ್ನು ಎರಡು ಸಲ ನೆಕ್ಕಿ ಮುಖ ತಿರುಗಿಸಿತು. ಕಮಲಿ ಪಕ್ಕದಲ್ಲೇ ಕೂತಿದ್ದಳು. ಅಳಲಿಲ್ಲ.

ಮಾಸು ತಾನಾಗಿ ಬೀಳಲಿಲ್ಲ. ಅವಳ ಗಂಡ ಬೊಮ್ಮು ಮೊಣಕೈತನಕ ಕೈ ಹಾಕಿ ಎಳೆದು ತೆಗೆದ. ಅಷ್ಟರಲ್ಲಿ ಪಕ್ಕದ ಕೇರಿಯ ವಿನುತಾ ಬಂದಳು. ಅವಳು ಊರಿನ ಪಶುಸಖಿ. ಪಶು ಆಸ್ಪತ್ರೆಯವರ ಜೊತೆ ಮನೆಮನೆ ತಿರುಗಿ ದನಕರುಗಳ ಆರೋಗ್ಯ ವಿಚಾರಿಸುವವಳು. ಕೈಯಲ್ಲಿ ರಬ್ಬರ್ ಕೈಗವಸು ಮತ್ತು ಐಸು ತುಂಬಿದ ಡಬ್ಬಿ ಇದ್ದವು.

"ಚಿಕ್ಕಿ, ಬರಿಗೈಲಿ ಮುಟ್ಟೂದು ಬೇಡ. ಮಾಸಿಂದು ಒಂದು ಚೂರು ಕೊಡು. ಎಂತಾ ರೋಗ ಹೇಳಿ ನೋಡೂಕೆ ಕಳಸ್ತೆ."

"ನಿನ್ನ ಸೂಜಿ ಬಂದು ಹದಿನೈದು ದಿನ ಆಗ್ಲಿಲ್ಲ," ಎಂದಳು ಕಮಲಿ. "ಪುಟ್ಟಿಗೆ ಚುಚ್ಚಿದ್ರಿ. ಅದರ ನಂಜು ಗೌರಿಗೆ ತಾಗ್ತು. ಈಗ ಮಾಸೂ ಬೇಕಾ ನಿಂಗೆ?"

ಪುಟ್ಟಿ ಎಂದರೆ ಕೊಟ್ಟಿಗೆಯ ಇನ್ನೊಂದು ಆಕಳ ಐದು ತಿಂಗಳ ಹೆಣ್ಣುಕರು. ಅದಕ್ಕೆ ಹಾಕಿದ್ದು ಕಂದು ಹಾಕುವ ರೋಗ ಬಾರದಂತೆ ತಡೆಯುವ ಲಸಿಕೆ.

"ಕರುವಿಗೆ ಹಾಕಿದ್ದು ಗೌರಿಗೆ ಹೆಂಗೆ ತಾಗ್ತದೆ ಚಿಕ್ಕಿ?"

"ಒಂದೇ ಕೊಟ್ಟಿಗೆ ಅಲ್ದಾ? ನೀ ಹೋಗು."

ವಿನುತಾ ಹೋದಳು. ಬೊಮ್ಮು ಮಾಸನ್ನು ಬರಿಗೈಯಲ್ಲೇ ಹುಲ್ಲಿನಲ್ಲಿ ಸುತ್ತಿ, ಹಳೆಯ ಬುಟ್ಟಿಗೆ ಹಾಕಿ, ದಾರಿಯ ಆಲದ ಮರಕ್ಕೆ ಕಟ್ಟಿದ. ಹಾಲು ಒಸರುವ ಮರಕ್ಕೆ ಕಟ್ಟಿದರೆ ಆಕಳ ಹಾಲು ಬತ್ತುವುದಿಲ್ಲ ಎಂಬುದು ಅವರ ಮನೆಯ ರೂಢಿ. "ಇನ್ನೂ ಮೇಲೆ ಕಟ್ಟು," ಎಂದವಳು ಕಮಲಿ.

ಸೂಜಿಯ ನಂಜಿನ ಮಾತು ಕೇರಿಯೆಲ್ಲ ಹಬ್ಬಿತು. ಮುಂದಿನ ಲಸಿಕೆಯ ದಿನ ಒಂದು ಕರುವೂ ಬರಲಿಲ್ಲ. ವಿನುತಾ ಶಾಲೆಯ ಜಗುಲಿಯಲ್ಲಿ ಮಧ್ಯಾಹ್ನದವರೆಗೆ ಕಾದು ಹಿಂತಿರುಗಿದಳು. ಆಮೇಲೆ ದಿನವೂ ಕಮಲಿಯ ಅಂಗಳದ ಬೇಲಿಯ ದಣಪೆಯ ಮುಂದೆ ಹಾದುಹೋಗುತ್ತಿದ್ದಳು. ಇವಳು ಕರೆಯಲಿಲ್ಲ, ಅವಳು ನಿಲ್ಲಲಿಲ್ಲ.

ತಿಂಗಳಾಗುವಷ್ಟರಲ್ಲಿ ಬೊಮ್ಮುವಿಗೆ ಜ್ವರ ಹಿಡಿಯಿತು. ಸಂಜೆ ಏರುವುದು, ಬೆವರಿ ಇಳಿಯುವುದು. ಬೆಳಿಗ್ಗೆ ಎದ್ದು ಗದ್ದೆ ಕೆಲಸಕ್ಕೆ ಹೋದರೆ ಸೊಂಟ ಬಗ್ಗುತ್ತಿರಲಿಲ್ಲ. "ನಟ್ಟಿ ಕೆಲ್ಸ ನೋಡ್ಕಂಡೇ ಜ್ವರ ಬತ್ತದೆ ನಿಂಗೆ," ಎಂದು ಕಮಲಿ ಮೊದಮೊದಲು ಚೇಷ್ಟೆ ಮಾಡಿದಳು. ಆಮೇಲೆ ಬಿಟ್ಟಳು. ಅಂಕೋಲೆಯಲ್ಲಿ ರಕ್ತ ನೋಡಿದರು. ಮಲೇರಿಯಾ ಅಲ್ಲ, ಡೆಂಗಿಯೂ ಅಲ್ಲ.

ಜ್ವರದ ಸುದ್ದಿ ಕೇಳಿ ಒಂದು ಬೆಳಿಗ್ಗೆ ವಿನುತಾ ಕರೆಯದೆಯೇ ದಣಪೆ ದಾಟಿ ಬಂದು ಮೆಟ್ಟಿಲ ಮೇಲೆ ಕೂತಳು.

"ಚಿಕ್ಕಪ್ಪ, ಆವತ್ತು ಮಾಸು ತೆಗದದ್ದು ನೀನೇ ಅಲ್ದಾ?"

ಬೊಮ್ಮು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಕಮಲಿ ಅವನನ್ನು ನೋಡಿದಳು.

ಆ ವಾರವೇ ಕಾರವಾರದ ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದರು. ಅದು ಕಂದು ಹಾಕುವ ರೋಗ, ಎಂದರೆ ಬ್ರುಸೆಲ್ಲೋಸಿಸ್, ದನದಿಂದ ಮನುಷ್ಯರಿಗೂ ಬರುತ್ತದೆ ಎಂದು ಡಾಕ್ಟರು ತಿಳಿಸಿ ಮಾತ್ರೆ ಶುರುಮಾಡಿದರು. ಪಶುವೈದ್ಯರು ಗೌರಿಯ ಹಾಲನ್ನೂ ತೆಗೆದುಕೊಂಡರು. ಹಾಲು, ರಕ್ತ ಎರಡರ ಮಾದರಿಗಳೂ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು.

ಆರು ವಾರದ ನಂತರ ವಿನುತಾ ವರದಿ ಹಿಡಿದು ಬಂದಾಗ ಕಮಲಿ ಮೊರದಲ್ಲಿ ಮಣಿ ಹರಡಿಕೊಂಡು ಕೊರಳ ಸರ ಪೋಣಿಸುತ್ತಿದ್ದಳು.

"ಚಿಕ್ಕಿ, ಒಂದು ಸರ ನೋಡಿದ್ರೆ ಯಾರು ಪೋಣಿಸಿದ್ದು ಹೇಳಿ ಗೊತ್ತಾಗ್ತದಾ ನಿಂಗೆ?"

"ಗೊತ್ತಾಗ್ದೆ ಎಂತದು. ನಮ್ಮ ಕೇರಿ ಸುಬ್ಬಿ ಆದ್ರೆ ಕಪ್ಪಿನ ನಡುವೆ ಎರಡು ಹಳದಿ ಹಾಕ್ತದೆ. ಅದರ ಮಗಳೂ ಹಾಂಗೇಯ. ಆದ್ರೆ ಎಲ್ಲಾದ್ರೂ ಒಂದು ತಪ್ಪಿಸ್ತದೆ."

"ರೋಗದ ಬ್ಯಾಕ್ಟೀರಿಯಾನೂ ಹಾಂಗೇಯ. ಕಣ್ಣಿಗೆ ಕಾಣೂದಿಲ್ಲ, ಆದ್ರೆ ಒಳಗೆ ಒಂದು ಸರ ಅದೆ. ನಾಕೇ ಬಣ್ಣ, ಮೂವತ್ಮೂರು ಲಕ್ಷ ಮಣಿ. ಒಂದು ಎರಡಾಗುವಾಗೆಲ್ಲ ಅದೇ ಸರ ತಿರುಗಿ ಪೋಣಿಸ್ತದೆ. ಎಲ್ಲೋ ಒಂದು ಮಣಿ ತಪ್ತದೆ. ಬೆಂಗ್ಳೂರಲ್ಲಿ ಮಶಿನು ಆ ಮಣಿ ಎಲ್ಲಾ ಸಾಲಾಗಿ ಓದ್ತದೆ. ಜೀನೋಮ್ ಸೀಕ್ವೆನ್ಸಿಂಗ್ ಹೇಳ್ತಾರೆ."

"ಓದಿ ಎಂತಾ ಮಾಡೂದು?"

"ಯಾವ ಮನೆತನದ್ದು ಹೇಳಿ ಗುರ್ತು ಹಿಡಿಯೂದು. ಸೂಜಿ ಔಷಧದಲ್ಲೂ ಅದೇ ಜಾತಿದು ಒಂದು ಅದೆ, ಬಲ ಕಳದದ್ದು."

ಕಮಲಿ ತಲೆ ಎತ್ತಿದಳು. "ಅದೆ ಅಲ್ದಾ? ನಾ ಹೇಳಿದ್ದು ಅದೇಯ."

"ಅದೆ ಚಿಕ್ಕಿ. ನೀ ಕೇಳಿದ್ದು ತಪ್ಪಲ್ಲ. ಅದಕ್ಕೇ ಸರ ಓದ್ಸಿದ್ದು. ಗೌರಿ ಹಾಲಲ್ಲಿ ಸಿಕ್ಕಿದ್ದು ಸೂಜಿದಲ್ಲ, ಅದರ ಸರವೇ ಬೇರೆ. ದನದಿಂದ ದನಕ್ಕೆ ಹೊರಗೆ ಓಡಾಡೂದು. ಹೋದ ವರ್ಷ ಬಾಳೆಗುಳಿ ಬದಿ ಒಂದು ಆಕಳು ಕಂದು ಹಾಕಿತ್ತಲ್ಲ, ಅದರದ್ದಕ್ಕೆ ಹತ್ತಿರದ ನೆಂಟು."

"ಮತ್ತೆ ಅಂವಂದು?"

ವಿನುತಾ ವರದಿಯ ಇನ್ನೊಂದು ಹಾಳೆ ತೆಗೆದಳು.

"ಚಿಕ್ಕಪ್ಪನ ರಕ್ತದಲ್ಲಿದ್ದದ್ದೂ ಗೌರಿದೂ ಒಂದೇ ಸರ. ಒಂದು ಮಣಿಯೂ ಬೇರೆ ಇಲ್ಲ."

ಕಮಲಿ ದಾರವನ್ನು ಮೊರದಲ್ಲಿಟ್ಟಳು. ಅಂಗಳದಾಚೆ ಆಲದ ಮರ ಕಾಣುತ್ತಿತ್ತು. ಕೊಂಬೆಯಲ್ಲಿ ಬುಟ್ಟಿಯ ಹಗ್ಗ ಮಾತ್ರ ಉಳಿದಿತ್ತು. ಬುಟ್ಟಿಯನ್ನು ಕಾಗೆಗಳು ಕುಕ್ಕಿದ್ದೂ, ಬಿದ್ದ ಚೂರನ್ನು ನಾಯಿ ಕಚ್ಚಿಕೊಂಡು ಓಡಿದ್ದೂ ಅವಳಿಗೆ ಈಗ ನೆನಪಾಯಿತು. ಆ ಮರದ ಕೆಳಗೆ ಮೇಯುವುದು ಸುಬ್ಬಿಯ ದನ. ತನ್ನ ಮಾತು ನಂಬಿ ಕರುವಿಗೆ ಲಸಿಕೆ ಬೇಡವೆಂದವಳೂ ಸುಬ್ಬಿಯೇ.

"ಸುಬ್ಬಿ ಕರುಗೆ ಎಷ್ಟು ತಿಂಗಳು?"

"ಬರೂ ವಾರ ಎಂಟು ತುಂಬ್ತದೆ. ಆಮೇಲೆ ಈ ಸೂಜಿ ಹಾಕೂದಿಲ್ಲ."

ಕಮಲಿ ಎದ್ದು ಸೀರೆಯಿಂದ ಮಣಿಗಳನ್ನು ಕೊಡವಿ, ವಿನುತಾಳನ್ನು ಕರೆದುಕೊಂಡು ಸುಬ್ಬಿಯ ಮನೆಗೆ ನಡೆದಳು.

ಸುಬ್ಬಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಸೂಜಿ ನಂಜು ಹೇಳಿದ್ದು ನೀನೇ ಅಲ್ದೇನೆ? ಈಗ ಈ ಹೆಣ್ಣಿನ ಬೆನ್ನಿಗೆ ಬಿದ್ದು ಸೂಜಿ ಮಾರೂಕೆ ಹೊರಟ್ಯಾ?"

"ನಾನೇ ಹೇಳಿದ್ದು," ಎಂದಳು ಕಮಲಿ. "ಗೊತ್ತಿಲ್ದೆ ಹೇಳ್ದೆ. ಅವತ್ತು ವಿನುತಾ ಕೈಗವಸು ತಂದಿತ್ತು. ನಾ ಹೊರಗೆ ಹಾಕ್ದೆ. ಅಂವ ಬರಿಗೈಲಿ ಮಾಡ್ದ, ಎರಡು ತಿಂಗಳು ಬೆವ್ತು ಮಲಗ್ದ. ನಿನ್ನ ಕರುಗೂ ಹಾಂಗೆ ಆದ್ರೆ ನಂಗೆ ಈ ದಾರೀಲಿ ನಡೆಯೂಕೆ ಆಗೂದಿಲ್ಲ."

ಸುಬ್ಬಿ ಅವಳ ಮುಖವನ್ನೇ ನೋಡುತ್ತ ನಿಂತಳು. ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿದಳು.

ಅಂದು ಶಾಲೆಯ ಜಗುಲಿಯ ಮುಂದೆ ಒಂಬತ್ತು ಕರುಗಳಿದ್ದವು. ಒಂದೊಂದರ ಮನೆಗೂ ಕಮಲಿ ನಡೆದು ಹೋಗಿ ಅದೇ ಮಾತು ಹೇಳಿದ್ದಳು. ಬೊಮ್ಮು ಡಾಕ್ಟರು ಹೇಳಿದಷ್ಟು ದಿನವೂ ಮಾತ್ರೆ ನುಂಗಿದ. ಜ್ವರ ಬಿಟ್ಟಿದೆ, ಸೊಂಟದ ನೋವು ಇನ್ನೂ ಸ್ವಲ್ಪ ಇದೆ. ಗೌರಿಯನ್ನು ಬೇರೆ ಚಪ್ಪರದಲ್ಲಿ ಕಟ್ಟಿದ್ದಾರೆ. ದನಗಳಲ್ಲಿ ಈ ರೋಗಕ್ಕೆ ಖಾತ್ರಿಯಾದ ಔಷಧವಿಲ್ಲ. ಕಮಲಿ ಈಗಲೂ ಮೊದಲು ಹುಲ್ಲು ಹಾಕುವುದು ಗೌರಿಗೇ.

ಇದನ್ನು ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಈ ಲಸಿಕೆ ಹಾಕಿಸಿ. ಆಕಳು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮಾದರಿ ತೆಗೆದಾದ ಮೇಲೆ ಮಾಸನ್ನೂ ಸತ್ತ ಕರುವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮರಕ್ಕೆ ಕಟ್ಟಬೇಡಿ. ಹಾಲು ಕುದಿಸಿಯೇ ಕುಡಿಯಿರಿ. ಬಿಟ್ಟುಬಿಟ್ಟು ಜ್ವರ ಬರುತ್ತಿದ್ದರೆ, ಮನೆಯಲ್ಲಿ ದನವಿದೆ ಎಂದು ಡಾಕ್ಟರಿಗೆ ಹೇಳಿ.

ಲಸಿಕೆಯ ಬಗ್ಗೆ ಸಂಶಯವಿದ್ದರೆ ಅದನ್ನು ಕೇರಿಗೆ ಹಂಚುವ ಮೊದಲು ಆಸ್ಪತ್ರೆಗೆ ತನ್ನಿ. ಕಮಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು.