ಗುಡಿಸುವವಳ ಬೆರಳು

"ಎದ್ದೇಳೇ ಮೇಲಕ್ಕೆ! ಪೊರಕೆ ಹಿಡಿಯೋ ಮೂತಿಗೆ ಬೆಂಚು ಬೇರೆ ಕೇಡು. ಪ್ಯಾಸೆಂಜರ್ ಕೂರೋ ಜಾಗ ಅದು, ನಿಮ್ಮಪ್ಪಂದಲ್ಲ!"

ಬಸ್ ನಿಲ್ದಾಣದ ವಿಚಾರಣೆ ಕಿಂಡಿಯಿಂದ ಕಂಟ್ರೋಲರ್ ಕೂಗಿದ. ಬೆಂಚಿನ ತುದಿಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಗುಡಿಸೋ ಅಕ್ಕ ಎದ್ದಳು. ಜನ ನೋಡುತ್ತಿದ್ದರು. ಅವಳಿಗೆ ಅವಮಾನವಾಯಿತು.

"ಇಲ್ಲಿ ಒಂದು ಮರ, ದಿನಕ್ಕೆರಡು ಬಸ್ಸು ಇದ್ದಾಗ ನಾನಿದ್ದೆ. ಇವನಪ್ಪ ಎಲ್ಲಿದ್ನೋ" ಎಂದು ಪೊರಕೆಗೆ ಹೇಳಿದಳು.

ಸುಳ್ಳಲ್ಲ. ಮರ ಹೋಗಿ ತಗಡಿನ ಚಪ್ಪರ ಬಂತು, ಚಪ್ಪರ ಹೋಗಿ ಎಂಟು ಪ್ಲಾಟ್‌ಫಾರ್ಮು ಬಂದವು, ನಲ್ಲಿ, ಕಕ್ಕಸು, ಮೈಕು ಎಲ್ಲ ಬಂದವು. ಇಪ್ಪತ್ತೆರಡು ವರ್ಷದಿಂದ ಎಲ್ಲವನ್ನೂ ಗುಡಿಸಿದ ಪುಣ್ಯಾತ್ಗಿತ್ತಿಗೆ ಕೂರಲು ಒಂದು ಮಣೆ ಮಾತ್ರ ಬರಲಿಲ್ಲ.

ವೇಳಾಪಟ್ಟಿಯಲ್ಲಿರುವುದೇ ಬೇರೆ, ಬಸ್ಸು ಬಂದು ನಿಲ್ಲುವುದೇ ಬೇರೆ. ಅಕ್ಷರ ಬಾರದ ಅಕ್ಕನಿಗೋ, ತಿರುವಿನಲ್ಲಿ ಬಸ್ಸು ಕೆಮ್ಮಿದರೆ ಸಾಕು, ಅದು ಯಾವುದು, ಎಲ್ಲಿ ನಿಲ್ಲುತ್ತದೆ, ಡ್ರೈವರು ಹೆಂಡತಿ ಹತ್ತಿರ ಬೈಸಿಕೊಂಡು ಬಂದಿದ್ದಾನೋ ಇಲ್ಲವೋ, ಎಲ್ಲ ಗೊತ್ತಾಗುತ್ತಿತ್ತು. ಯಾರಾದರೂ ಬಸ್ಸು ಕೇಳಿದರೆ ಕಂಟ್ರೋಲರ್ ಗಾಜಿನಾಚೆ ನೋಡುತ್ತಿದ್ದ. ಅವಳು ಗುಡಿಸುತ್ತಲೇ ಬೆರಳೆತ್ತುತ್ತಿದ್ದಳು. ಮೂರು ಬೆರಳೆಂದರೆ ಮೂರನೇ ಪ್ಲಾಟ್‌ಫಾರ್ಮು. ಅವನು ಗಂಟಲು ಸರಿಮಾಡಿಕೊಂಡು ಮೈಕಿನಲ್ಲಿ ಮಹಾಜ್ಞಾನಿಯ ಹಾಗೆ ಹೇಳುತ್ತಿದ್ದ.

ಮರುವಾರ ಅವನಿಗೆ ಅತ್ಯುತ್ತಮ ವಿಚಾರಣಾ ಸೇವೆಯ ಬಹುಮಾನ ಘೋಷಣೆಯಾಯಿತು. ಕೊಡಲು ದೊಡ್ಡ ಸಾಹೇಬರು ಬರುವವರಿದ್ದರು.

"ಸಾರ್, ಸಾಹೇಬ್ರಿಗೆ ಹೇಳಿ ನಂಗೊಂದು ಸ್ಟೂಲು ಕೊಡಿಸ್ತೀರಾ? ಮಂಡಿ ಬಿದ್ದೇ ಹೋಗಿದೆ."

"ಸ್ಟೂಲಂತೆ ಸ್ಟೂಲು! ನಾಳೆ ನನ್ನ ಕುರ್ಚೀನೂ ಕೇಳ್ತೀಯ. ಎರಡೂ ಕೈಲಿ ಪೊರಕೆ ಹಿಡ್ಕೊಂಡು ಬಾಯ್ಮುಚ್ಕೊಂಡು ಗುಡಿಸು, ಹೋಗೇ."

"ಆಗ್ಲಿ ಸಾರ್" ಎಂದಳು. ಇಷ್ಟು ಸಲೀಸಾಗಿ ಅವಳು ಎಂದೂ ಒಪ್ಪಿದವಳಲ್ಲ.

ಸಾಹೇಬರು ಬಂದರು, ಭಾಷಣ ಮಾಡಿದರು, ಹೊಳೆಯುವ ಟ್ರೋಫಿ ಕೊಟ್ಟರು. ಆಮೇಲೆ ಕಿಂಡಿಯ ಮುಂದೆ ನಿಂತು ನಕ್ಕರು. "ಎಲ್ಲಿ, ನಾನೂ ಒಂದು ಕೇಳ್ತೀನಿ. ಆಸ್ಪತ್ರೆ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಪ್ಪಾ?"

ಕಂಟ್ರೋಲರ್ ಮೈಕು ಒತ್ತಿದ. "ಆಸ್ಪತ್ರೆ ಬಸ್ಸು..." ಎಂದು ಗಾಜಿನಾಚೆ ನೋಡಿದ. ತಿರುವಿನಲ್ಲಿ ಬಸ್ಸು ಆಗಲೇ ಕೆಮ್ಮುತ್ತಿತ್ತು. ಅಕ್ಕ ಎರಡೂ ಕೈಯಲ್ಲಿ ಪೊರಕೆ ಹಿಡಿದು ಶ್ರದ್ಧೆಯಿಂದ ಗುಡಿಸುತ್ತಿದ್ದಳು.

"ಆಸ್ಪತ್ರೆ ಬಸ್ಸು... ಎಷ್ಟೇ? ಏಯ್, ಬೆರಳು ತೋರ್ಸೇ!"

ಮೈಕು ಆರಿಸಲು ಮರೆತಿದ್ದ. ಎಂಟೂ ಪ್ಲಾಟ್‌ಫಾರ್ಮಿನ ಜನ ತಿರುಗಿ ಅಕ್ಕನನ್ನು ನೋಡಿದರು. ಸಾಹೇಬರೂ ನೋಡಿದರು.

ಅಕ್ಕ ಗುಡಿಸುವುದನ್ನು ನಿಲ್ಲಿಸಿದಳು. ನಿಧಾನವಾಗಿ ಹೋಗಿ ಬೆಂಚಿನ ನಟ್ಟನಡುವೆ ಕುಳಿತು, ಕಾಲು ನೀಡಿ, ಪೊರಕೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

"ಕೈ ಖಾಲಿ ಇಲ್ಲ ಸಾರ್."